ಪಟಿಕ ಕೆಡಿಸಿದ್ದು ಯಾರು?

"ನೀನೇ ಮುಟ್ಟಿದ್ದು. ಸುಳ್ಳು ಹೇಳ್ಬೇಡ," ಅಂತ ಅಕ್ಕ ತಮ್ಮ ಗುಂಡನ ಭುಜ ಹಿಡಿದು ಅಲ್ಲಾಡಿಸಿದಳು.

ಇಲ್ಲ ಅಂತ ಗುಂಡ ತಲೆಯಾಡಿಸಿದ. ಅವನಿಗಿನ್ನೂ ಐದು ವರ್ಷ.

ಐದನೇ ಕ್ಲಾಸಿನ ಈ ಅಕ್ಕನಿಗೆ ಮನೆಯವರು ಸಿಡುಕಿ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಆದರೆ ಇವತ್ತಿನ ಸಿಟ್ಟಿಗೆ ಕಾರಣ ಇತ್ತು. ಮನೆಯ ಹಿಂದಿನ ಕೋಣೆಯಲ್ಲೇ ಅವಳ ಅತ್ತೆ ಪುಟ್ಟ ಲ್ಯಾಬ್ ಮಾಡಿಕೊಂಡಿದ್ದರು. ಶಾಲೆಗಳ ಪ್ರಯೋಗಕ್ಕೆ ಬೇಕಾದ ಶುದ್ಧ ರಾಸಾಯನಿಕಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಈ ಸಲ ಒಂದು ಬಾಟಲಿ ಪಟಿಕದ ಕೆಲಸವನ್ನು ಪೂರ್ತಿ ಸಿಡುಕಿಗೇ ಬಿಟ್ಟಿದ್ದರು.

ನಾಲ್ಕು ದಿನ ಅವಳು ಆಟಕ್ಕೂ ಹೋಗಿರಲಿಲ್ಲ. ಪಟಿಕವನ್ನು ಬಿಸಿನೀರಲ್ಲಿ ಕರಗಿಸೋದು, ಸೋಸೋದು, ತಣ್ಣಗಾಗಿ ಹರಳು ಕಟ್ಟೋವರೆಗೆ ಕಾಯೋದು. ಹೀಗೆ ಮೂರು ಸಲ. ಹರಳುಗಳು ಫಳಫಳ ಹೊಳೆಯುತ್ತಿದ್ದವು.

ಇವತ್ತು ಅತ್ತೆ ಒಂದು ಹರಳನ್ನು ಶುದ್ಧ ನೀರಲ್ಲಿ ಕರಗಿಸಿ, ಪರೀಕ್ಷೆಯ ದ್ರಾವಣದ ಒಂದು ಹನಿ ಬಿಟ್ಟರು. ಉಪ್ಪಿನ ಅಂಶ ಸೇರಿದ್ದರೆ ನೀರು ಬೆಳ್ಳಗಾಗುತ್ತೆ. ಬೆಳ್ಳಗಾಯಿತು. ಇದನ್ನು ಕಳಿಸೋ ಹಾಗಿಲ್ಲ ಅಂದುಬಿಟ್ಟರು.

ಬೆಳಿಗ್ಗೆ ಗುಂಡ ಹರಳಿನ ತಟ್ಟೆಯ ಹತ್ತಿರ ನಿಂತಿದ್ದನ್ನು ಸಿಡುಕಿ ಕಣ್ಣಾರೆ ನೋಡಿದ್ದಳು. ಇನ್ನೇನು ಬೇಕು? ಉಪ್ಪುಪ್ಪು ಎಂಜಲು ಕೈ ಹಾಕಿದೀಯ, ಎಲ್ಲಾ ಹಾಳು ಮಾಡಿದೀಯ, ಇನ್ನು ನನ್ನ ಹತ್ತಿರ ಬರ್ಬೇಡ ಅಂತ ಮನೆ ಹಂಚು ಹಾರಿಹೋಗೋ ಹಾಗೆ ಕೂಗಿದಳು. ಗುಂಡ ಬಾಗಿಲ ಸಂದಿಗೆ ಸೇರಿಕೊಂಡ.

"ಕೂಗಿದ್ದು ಸಾಕು," ಅಂದರು ಅತ್ತೆ. "ಒಂದೊಂದಾಗಿ ಪರೀಕ್ಷೆ ಮಾಡಿ ನೋಡು."

ಮಾಡ್ತೀನಿ, ಅವನೇ ಅಂತ ತೋರಿಸ್ತೀನಿ ಅಂದುಕೊಂಡು ಸಿಡುಕಿ ಲ್ಯಾಬಿನ ಕನ್ನಡಕ ಹಾಕಿಕೊಂಡಳು. ತಟ್ಟೆಯ ತಳಕ್ಕೆ ಅಂಟಿಕೊಂಡಿದ್ದ ಹರಳನ್ನು ಕೆರೆದು ಶುದ್ಧ ನೀರಲ್ಲಿ ಕರಗಿಸಿ ಹನಿ ಬಿಟ್ಟಳು. ನೀರು ತಿಳಿಯಾಗೇ ಇತ್ತು.

ಹಾಗಾದರೆ ತಟ್ಟೆಯಲ್ಲಿದ್ದಾಗ ಹರಳು ಕೆಟ್ಟಿರಲಿಲ್ಲ. ಆಮೇಲೆ ಏನಾಯಿತು? ಆಮೇಲೆ ಅವಳೇ ಅವನ್ನು ತಟ್ಟೆಯಿಂದ ತೆಗೆದು ತೊಳೆದಿದ್ದಳು. ಆಗ ಶುದ್ಧ ನೀರು ಮುಗಿದಿತ್ತು, ಅತ್ತೆ ಇನ್ನೂ ಹೊಸದು ತಂದಿರಲಿಲ್ಲ. ಒಂದೇ ಲೋಟ ತಾನೆ ಅಂತ ನಲ್ಲಿ ನೀರು ಹಾಕಿದ್ದಳು.

ನಲ್ಲಿ ನೀರಿಗೆ ಹನಿ ಬಿಟ್ಟಳು. ಹಾಲಿನ ಹಾಗಾಯಿತು.

ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದನ್ನು ಯಾರ ಮೇಲೆ ತೀರಿಸಿಕೊಳ್ಳೋದು ಅಂತ ಮಾತ್ರ ತಿಳಿಯಲಿಲ್ಲ.

ಬಾಗಿಲ ಸಂದಿಯಿಂದ ಸಣ್ಣ ದನಿ ಬಂತು. "ಅಕ್ಕಾ, ನಾನು ನಿದ್ದೆಗಣ್ಣಲ್ಲಿ ಮುಟ್ಟಿಬಿಟ್ನಾ?"

ಇಷ್ಟು ಹೊತ್ತು ಅವನು ಅದನ್ನೇ ಯೋಚನೆ ಮಾಡುತ್ತಾ ನಿಂತಿದ್ದ. ಸಿಡುಕಿ ಹೋಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಇಲ್ಲ ಕಣೋ. ನೀನು ಮುಟ್ಟೇ ಇಲ್ಲ. ಕೆಡಿಸಿದ್ದು ನಾನು."

ಗುಂಡ ನಂಬದೆ ಅವಳ ಮುಖವನ್ನೇ ನೋಡಿದ. ಅವಳು ಮತ್ತೊಂದು ಸಲ, ಮೆಲ್ಲಗೆ ಹೇಳಿದಳು.