ಕಂಡೆನ್ಸರಿನ ಮೇಲಿನ ತಾರೀಖು

೧೯೮೪ರ ಆಗಸ್ಟ್ ೨೬, ರವಿವಾರ, ಅಮಾವಾಸ್ಯೆ. ಬೆಳಗಿನ ಹತ್ತೂವರೆಗೆ ವಡಗಾವಿಯ ಕಾಶವ್ವ ಠಾಣೆಯ ಮೆಟ್ಟಿಲು ಹತ್ತಿದಾಗ ಆಕೆಯ ಸೆರಗಿನಲ್ಲಿ ವಿಭೂತಿಯೂ ರಕ್ತವೂ ಕಲೆತಿದ್ದವು. ಗಂಡ ಬಾಳಾಸಾಹೇಬನ ಬಲಗೈಯ ಮೂರು ಬೆರಳುಗಳು ನೂಲು ಸುತ್ತುವ ಯಂತ್ರದ ಉರುಳೆಗಳಿಗೆ ಸಿಕ್ಕು ತುಂಡಾಗಿದ್ದವು.

"ಕುಂದರ್ರಿ. ಯಂತ್ರ ಚಾಲೂ ಇದ್ದಾಗ ಕೈ ಯಾಕ ಹಾಕಿದ್ರು?" ಇನ್‌ಸ್ಪೆಕ್ಟರ್ ಚನ್ನಬಸಯ್ಯ ಕೇಳಿದರು.

"ದೀಪ ಆರಿತ್ತಂತ್ರೀ. ಅದು ಆರದನ ಅವರು ಕೈ ಹಾಕೂದಿಲ್ಲ. ಯಾರೋ ಬೇಕಂತ ಮಾಡ್ಯಾರ."

ಎಫ್‌ಐಆರ್ ದಾಖಲಾಯಿತು.

ಆ ಕಾರ್ಖಾನೆಯ ಕೆಲಸದ ಪದ್ಧತಿ ಹೀಗಿತ್ತು. ಎಳೆ ಹರಿದರೆ ಯಂತ್ರ ತಾನೇ ನಿಲ್ಲುತ್ತದೆ. ಎಳೆ ಕೂಡಿದರೆ ತಾನೇ ಓಡುತ್ತದೆ. ಆದ್ದರಿಂದ ಎಳೆ ಕಟ್ಟುವವನು "ಬಂದ್" ಎಂದು ಕೂಗಬೇಕು, ಒಳಕೋಣೆಯಲ್ಲಿದ್ದವರು ಸ್ವಿಚ್ ಆರಿಸಬೇಕು. ಸ್ವಿಚ್ ಆರಿತೆಂಬುದಕ್ಕೆ ಗುರುತು ಯಂತ್ರದ ನೆತ್ತಿಯ ಮೇಲಿನ ಕೆಂಪು ಎಲ್‌ಇಡಿ ದೀಪ. ಅದು ಆರಿದ ಮೇಲೆಯೇ ಕೈ. ಅಮಾವಾಸ್ಯೆಯಂದು ಕೂಲಿಕಾರರಿಗೆ ರಜೆ. ಅಂದು ಪೂಜೆ ಮುಗಿಸಿ ಮಾಲೀಕನೇ ತನ್ನ ಕೈಯಾರೆ ಒಂದು ಎಳೆ ಕಟ್ಟುವುದು ರೂಢಿ.

"ಅವರು ಬಂದ್ ಅಂದದ್ದು ಕೇಳಲಿಲ್ಲೇನು?"

"ನಾ ಒಳಕೋಣ್ಯಾಗ ನಿಂತು ಪೂಜಿಗಂತ ಮಗ್ಗ ಒಂದೊಂದ ಚಾಲೂ ಮಾಡಾಕತ್ತಿದ್ನಿ. ಆ ಸದ್ದಿನಾಗ ಏನೂ ಕೇಳಲಿಲ್ರಿ." ಕಾಶವ್ವ ತನ್ನ ಅಂಗೈ ನೋಡಿಕೊಂಡಳು. "ಸ್ವಿಚ್ಚಿನ ಮ್ಯಾಲ ಇದ್ದದ್ದು ನನ್ನ ಕೈನ ರೀ."

ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪಂಚನಾಮೆ. ದೀಪದ ಡಬ್ಬಿಯನ್ನು ಕಟ್ಟಿಕೊಟ್ಟಿದ್ದ ಖಾಸಬಾಗದ ರೇಡಿಯೋ ಮೆಕ್ಯಾನಿಕ್ ಕಲ್ಲಯ್ಯನನ್ನು ಕರೆಸಲಾಯಿತು. ಆತ ಉರುಳೆಗಳನ್ನು ತಿರುಗಿಸುವ ಪಟ್ಟಾ ಕಳಚಿ, ಸ್ವಿಚ್ ಹಾಕಿಸಿ, ಎದುರು ಸಾಲಿನ ಮಗ್ಗಗಳನ್ನು ಶುರು ಮಾಡಿಸಿದ. ಕೋಣೆಯ ಬಲ್ಬು ತುಸು ಮಂಕಾಯಿತು, ಅಷ್ಟೇ. ಕೆಂಪು ದೀಪ ಮಾತ್ರ ಮಿಣುಕಿ ಮಿಣುಕಿ ಆರಿಹೋಯಿತು. ಮಗ್ಗಗಳು ವೇಗಕ್ಕೆ ಬಂದ ಮೇಲೆ ಮತ್ತೆ ಹತ್ತಿಕೊಂಡಿತು.

"ಲೈನಿನ ತಪ್ಪೇನು?"

"ಲೈನ್ ಹಂಗಿದ್ರ ಬಲ್ಬೂ ಆರಬೇಕಿತ್ತಲ್ರಿ." ಕಲ್ಲಯ್ಯ ಡಬ್ಬಿಯನ್ನು ಅಲುಗಾಡಿಸಿದ; ಮಿಣುಕಾಟ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. "ಸಡಿಲ ತಂತಿ ಅಲ್ಲ." ಬಳಿಕ ಚೀಲದಿಂದ ಹೊಸ ಕಂಡೆನ್ಸರ್ ತೆಗೆದು ಹಳೆಯದರ ಎರಡೂ ತುದಿಗೆ ತಾಗಿಸಿ ಹಿಡಿದ. ಮಗ್ಗಗಳನ್ನು ಮತ್ತೆ ನಿಲ್ಲಿಸಿ ಶುರು ಮಾಡಿದರು. ದೀಪ ಕದಲದೆ ಉರಿಯಿತು.

"ಕರೆಂಟ್ ತಗ್ಗಿದಾಗ ಒಂದಿಷ್ಟು ಹೊತ್ತು ದೀಪ ಹಿಡಿಯೂದು ಇದು. ಕೊಡಪಾನದಾಗ ನೀರು ಕೂಡಿಟ್ಟಂಗ. ಒಳಗಿಂದು ಒಣಗಿ ಸತ್ತೈತಿ. ಆದ್ರ ಸಾಹೇಬ್ರ, ನಾ ಹೋದ ವರ್ಷನ ಹೊಸಾದು ಹಾಕಿದ್ನಲ್ಲ..." ಆತ ಬಗ್ಗಿ ನೋಡಿದ.

ಕಂಡೆನ್ಸರಿನ ತಂತಿಗಳಿಗೆ ಬೆಸುಗೆ ಇರಲಿಲ್ಲ; ಗಂಟು ಇತ್ತು. ಹವಾಲ್ದಾರ ಬಂಡೆಪ್ಪ ನೇಕಾರರ ಓಣಿಯಲ್ಲೇ ಹುಟ್ಟಿದವನು. ಕಣ್ಣು ಕಿರಿದು ಮಾಡಿ ನೋಡಿದ.

"ಮೆಕ್ಯಾನಿಕ್ ಆದಾಂವ ತಂತಿ ತಿರುವತಾನ್ರಿ. ಇದು ನೂಲಿನ ಗಂಟು. ಹರದ ಎಳಿ ಹಿಂಗ ಕಟ್ಟತಾರ. ಮತ್ತ ಇಲ್ಲಿ ನೋಡ್ರಿ."

ತಂತಿಯ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಹಲ್ಲಿನ ಗುರುತುಗಳಿದ್ದವು.

"ಎರಡೂ ಕೈ ನೆಟ್ಟಗಿದ್ದಾಂವ ಹಲ್ಲು ಯಾಕ ಹಚ್ಚತಾನ?" ಎಂದ ಬಂಡೆಪ್ಪ.

ಚನ್ನಬಸಯ್ಯ ಕಾಶವ್ವನ ಕಡೆ ತಿರುಗಿದರು. "ಇವತ್ತ ಮುಂಜಾನಿ ಯಾರ್ಯಾರು ಬಂದಿದ್ರು?"

"ಹಳೇ ಕೆಲಸಗಾರರು ಬಂದು ಕೈ ಮುಗದು ಹೋದ್ರು. ಗುರುಸಿದ್ದನೂ ಬಂದಿದ್ದ, ಟೆಂಗಿನಕಾಯಿ ಹಿಡಕೊಂಡು. ಯಂತ್ರಕ್ಕ ಕೈ ಮುಗೀತೀನಂತ ತುಸು ಹೊತ್ತು ಅದರ ಹತ್ರ ಒಬ್ಬನ ಇದ್ದ. ಇಷ್ಟ ಆದರೂ ಅಂವಗ ಸಿಟ್ಟಿಲ್ಲ ಅಂತ ನಮ್ಮ ಮನ್ಯಾರು ಖುಷಿ ಆಗಿದ್ರು."

ಜಾಂಬೋಟಿಯ ಗುರುಸಿದ್ದ ಇದೇ ಯಂತ್ರಕ್ಕೆ ಬಲಗೈಯ ಮೂರು ಬೆರಳು ಕೊಟ್ಟವನು. ೧೯೮೩ರ ನವೆಂಬರ್ ೧೨, ಮಧ್ಯಾಹ್ನ ಒಂದು ಗಂಟೆ. ಸಂಜೆ ಆರರ ಪಂಚನಾಮೆಯಲ್ಲಿ "ದೀಪವು ಸ್ಥಿರವಾಗಿ ಉರಿಯುತ್ತಿದೆ, ಗಾಯಾಳುವಿನ ನಿರ್ಲಕ್ಷ್ಯ" ಎಂದಿತ್ತು. ಕೆಳಗೆ ಚನ್ನಬಸಯ್ಯನವರದೇ ಸಹಿ.

ಕಲ್ಲಯ್ಯ ಸತ್ತ ಕಂಡೆನ್ಸರನ್ನು ಬಿಡಿಸಿ ತಿರುಗಿಸಿದ. ಅದರ ತಗಡಿನ ಮೇಲೆ ಮೊಳೆಯಿಂದ ಗೀಚಿದ ಅಂಕಿಗಳಿದ್ದವು: ೧೨-೧೧-೮೩.

"ಇದು ಯಾರ ಬರಹ?"

"ನಂದ ರೀ. ಬಿಚ್ಚಿದ ಸಾಮಾನಿನ ಮ್ಯಾಲ ತಾರೀಖು ಗೀಚೂದು ನನ್ನ ರೂಢಿ. ನಾಳೆ ಗಿರಾಕಿ ತಕರಾರು ತಗೀಬಾರದಂತ."

"ಅವತ್ತ ಎಷ್ಟು ಗಂಟೆಗೆ ಬಿಚ್ಚಿದಿ?"

ಕಲ್ಲಯ್ಯ ಕಂಡೆನ್ಸರನ್ನು ಪಂಚನಾಮೆಯ ಹಾಳೆಯ ಮೇಲೆ ಇಟ್ಟ. "ಮೂರಕ್ಕ. ಬಾಳಾಸಾಹೇಬ್ರು ಗಾಡಿ ಕಳಿಸಿ ಕರಸಿದ್ರು. ದಸರಾಕ್ಕ ಹೇಳಿದ್ನಿ, ದೀಪ ಮಿಣಕತೈತಿ, ಒಣಗೇತಿ, ಬದಲ ಮಾಡೂಣು ಅಂತ. ದೀಪ ಮಿಣಕಿದ್ರ ಬಟ್ಟಿ ಹರೀತೈತೇನೋ ಅಂತ ನಕ್ಕಿದ್ರು."

"ಇದು ಗುರುಸಿದ್ದನ ಕೈಗೆ ಹೆಂಗ ಹೋತು?"

"ಮಳಿಗಾಲಕ್ಕ ಮೊದಲು ದಿನಾ ನನ್ನ ಅಂಗಡಿಗೆ ಬಂದು ಕುಂದರತಿದ್ದ. ದೀಪ ಯಾಕ ಆರಿತು ಅನ್ನೂದು ಒಂದ ಪ್ರಶ್ನಿ. ಪಾಪ ಅಂತ ಎಲ್ಲಾ ಬಿಡಿಸಿ ಹೇಳಿದ್ನಿ. ಹಳೇ ಸಾಮಾನಿನ ಡಬ್ಬಿ ಅಲ್ಲೇ ಇತ್ರಿ."

ಆಗಸ್ಟ್ ೨೮ರ ಬೆಳಗ್ಗೆ ಒಂಬತ್ತಕ್ಕೆ ಜೀಪು ಖಾನಾಪುರ ದಾಟಿ ಜಾಂಬೋಟಿ ತಲುಪಿತು. ಗುರುಸಿದ್ದ ಗದ್ದೆಯ ಬದುವಿನ ಮೇಲೆ ಕುಳಿತಿದ್ದ. ಓಡಲಿಲ್ಲ. ತಾಯಿ ಭರಮವ್ವ ಕೆಸರಿನಿಂದ ಎದ್ದು ಬಂದಳು.

"ಏನ್ ಕದ್ದಾನ್ರಿ ನನ್ನ ಮಗ?"

"ಏನೂ ಕದ್ದಿಲ್ಲಬೇ. ಅವರದ ಸಾಮಾನು ಅವರಿಗೇ ತಿರುಗಿ ಕೊಟ್ಟು ಬಂದೀನಿ," ಎಂದ ಗುರುಸಿದ್ದ.

"ಅಮಾವಾಸ್ಯಿನ ಯಾಕ ಹಿಡದಿ?" ಚನ್ನಬಸಯ್ಯ ಕೇಳಿದರು.

"ಉಳಿದ ದಿನ ಕೂಲಿಯವರ ಕೈ ಇರತಾವ್ರಿ ಅಲ್ಲಿ. ನನಗ ಅವನ ಕೈ ಬೇಕಾಗಿತ್ತು. ಬಲಗೈನ ಬೇಕಾಗಿತ್ತು."

"ಪಶ್ಚಾತ್ತಾಪ?"

"ಅಂವಗ ಆಗೇತೇನು, ಕೇಳಿ ಬರ್ರಿ. ಆಮ್ಯಾಲ ನನಗ ಕೇಳ್ರಿ."

ಬಂಡೆಪ್ಪ ಬೇಡಿ ತೊಡಿಸಿದ. ಜೀಪು ಹತ್ತುವ ಮುನ್ನ ಗುರುಸಿದ್ದ ತಿರುಗಿ ನಿಂತ.

"ಆ ಡಬ್ಬಿ ಜಪ್ತ ಮಾಡಿದ್ರೇನ್ರಿ, ಸಾಹೇಬ್ರ?"

"ಮಾಡೇವಿ."

"ಕಂಡೆನ್ಸರಿನ ಮ್ಯಾಲಿನ ತಾರೀಖು ಬರಕೊಂಡ್ರೇನು?"

"ಬರಕೊಂಡೇವಿ."

ಆತ ಮೊದಲ ಸಲ ನಕ್ಕ. "ಅದನ್ನ ಕಿಸೇದಾಗ ಇಟ್ಕೊಂಡು ಎರಡ ಸಲ ನಿಮ್ಮ ಠಾಣೆಕ್ಕ ಬಂದಿದ್ನಿ. ಕೇಸ್ ಮುಗದೈತಿ ಹೋಗೋ ಅಂದು ಬಾಗಿಲದಿಂದನ ಅಟ್ಟಿದ್ರಿ. ಈಗ ಅದು ನಿಮ್ಮ ಪಂಚನಾಮೆದಾಗ ಐತಿ. ಅದನ್ನ ಯಾರ್ ಅಟ್ಟತೀರಿ?"

ಗುರುಸಿದ್ದನ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಅದೇ ದಿನ ಚನ್ನಬಸಯ್ಯ ಇನ್ನೊಂದು ವರದಿಯನ್ನೂ ಮೇಲಕ್ಕೆ ಕಳಿಸಿದರು: ೧೯೮೩ರ ಪ್ರಕರಣವನ್ನು ಮತ್ತೆ ತೆರೆಯಬೇಕು, ಬಾಳಾಸಾಹೇಬನ ಮೇಲೆ ಸಾಕ್ಷ್ಯನಾಶದ ತನಿಖೆ ನಡೆಯಬೇಕು. ತಪ್ಪು ಪಂಚನಾಮೆ ಬರೆದ ಅಧಿಕಾರಿ ಯಾರೆಂಬ ಸಾಲಿನಲ್ಲಿ ಅವರು ತಮ್ಮ ಹೆಸರನ್ನು ಪೂರ್ತಿಯಾಗಿ, ಬಿಡಿಬಿಡಿ ಅಕ್ಷರಗಳಲ್ಲಿ ಬರೆದಿದ್ದರು.