ದನಿ ಕದಿಯುವ ಗಡಿಗೆ

ಬಹಳ ಬಹಳ ಹಿಂದೆ, ಬೆಟ್ಟಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಮಣಿಗಿರಿ ಎಂಬ ರಾಜ್ಯವಿತ್ತು. ಅಲ್ಲಿಗೆ ಜಂಭಕ ಎಂಬ ಮಾಂತ್ರಿಕ ಬಂದ. ಅವನ ವಿದ್ಯೆ ಅನುಕರಣೆ. ಅನುಕರಣೆ ಅಂದರೆ ಇನ್ನೊಬ್ಬರು ಮಾಡಿದ್ದನ್ನು ನೋಡಿ ಹಾಗೆಯೇ ಮಾಡುವುದು. ಮಗು ತಾಯಿಯನ್ನು ನೋಡಿ ಮಾತು ಕಲಿಯುವುದೂ ಅನುಕರಣೆಯೇ, ಅದರಲ್ಲಿ ಕೆಡುಕಿಲ್ಲ. ಆದರೆ ಜಂಭಕ ಯಾರನ್ನಾದರೂ ಮೂರು ಸಲ ಅನುಕರಿಸಿದರೆ ಸಾಕು, ಅವರ ದನಿ ಹಾರಿಹೋಗಿ ಅವನ ಮಣ್ಣಿನ ಗಡಿಗೆಯನ್ನು ಸೇರುತ್ತಿತ್ತು. ಪಾಪ, ರಾಜನೇ ಕೈಸನ್ನೆಯಲ್ಲಿ ಆಳುತ್ತಿದ್ದ!

ಕುಂಬಾರಗೇರಿಯ ಕೆಂಚವ್ವನ ತಾಯಿಯ ದನಿಯೂ ಹೋಯಿತು. ಮಗಳನ್ನು ಬೆಳಗಿನಿಂದ ಬೈಗಿನವರೆಗೆ ಬೈಯುತ್ತಿದ್ದ ಅವ್ವ ಈಗ ಬರೀ ತುಟಿ ಆಡಿಸುತ್ತಿದ್ದಳು. ಕೆಂಚವ್ವನಿಗೆ ತಡೆಯಲಾಗಲಿಲ್ಲ. ಬಿರುಕು ಬಿಟ್ಟ ಒಂದು ಗಡಿಗೆಯನ್ನು ಸೊಂಟಕ್ಕೇರಿಸಿಕೊಂಡು ಜಂಭಕನಿದ್ದ ಬೆಟ್ಟ ಹತ್ತಿದಳು.

“ಮೂರು ಕೆಲಸ ಮಾಡ್ತೀನಿ. ಹಾಗೇ ಮಾಡ್ತೀಯೇನೋ?” ಎಂದು ಅವನಿಗೆ ಸವಾಲು ಹಾಕಿದಳು.

“ಮಾಡಿದ ಮೇಲೆ ನಿನ್ನ ದನಿಯೂ ನನ್ನದೇ, ಕುಂಬಾರ್ತಿ!” ಜಂಭಕ ನಕ್ಕ.

ಕೆಂಚವ್ವ ನವಿಲಿನಂತೆ ಕೂಗಿದಳು. ಜಂಭಕನೂ ಕೂಗಿದ. ಅವನ ಕೂಗಿಗೆ ನಿಜವಾದ ನವಿಲೇ ಓಡಿಬಂದು ಕುಣಿಯಿತು! ಕೆಂಚವ್ವನ ದನಿ ಸಣ್ಣಗಾಯಿತು.

ಅವಳು ಜೇಡಿಮಣ್ಣು ತುಳಿದಳು. ಅವನೂ ತುಳಿದ. ಮಣ್ಣು ಬೆಣ್ಣೆಯಾಯಿತು. ಕೆಂಚವ್ವನಿಗೆ ಪಿಸುಮಾತಷ್ಟೇ ಉಳಿಯಿತು. ಇನ್ನೊಂದು ಸಲವಾದರೆ ಅದೂ ಇಲ್ಲ!

“ಮೂರನೆಯದು... ಗಡಿಗೆ ಕೆಲಸ,” ಎಂದು ಪಿಸುಗುಟ್ಟಿದಳು. “ನಿನ್ನ ಗಡಿಗೆ ತಾ.”

ಜಂಭಕನ ಬಳಿ ಇದ್ದುದು ಒಂದೇ ಗಡಿಗೆ, ದನಿಗಳು ತುಂಬಿದ್ದ ಗಡಿಗೆ. ಅದನ್ನೇ ತಂದ.

ಕುಂಬಾರಗೇರಿಯಲ್ಲಿ ಒಂದು ರೂಢಿ. ಸುಟ್ಟ ಗಡಿಗೆಯನ್ನು ಬೆರಳಿನಿಂದ ತಟ್ಟುತ್ತಾರೆ. ಠಣ್ ಎಂದರೆ ಗಟ್ಟಿ. ಬದ್ ಎಂದರೆ ಬಿರುಕು. ಬಿರುಕಿನ ಗಡಿಗೆಯನ್ನು ಆಗಲೇ ಒಡೆಯುತ್ತಾರೆ, ಯಾರಿಗೂ ಮಾರುವುದಿಲ್ಲ.

ಕೆಂಚವ್ವ ತನ್ನ ಗಡಿಗೆಯನ್ನು ತಟ್ಟಿದಳು. ಬದ್! ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸಿದಳು.

ಜಂಭಕ ತಟ್ಟಿದ. ತುಂಬಿದ ಗಡಿಗೆಯಲ್ಲವೇ, ಅದೂ ಬದ್ ಎಂದಿತು. ಅನುಕರಿಸುವಾಗ ಅವನ ಕೈ ಮುಂದೆ ಓಡುತ್ತಿತ್ತು, ಬುದ್ಧಿ ಹಿಂದಿನಿಂದ ಬರುತ್ತಿತ್ತು. ಯಾಕೆ ಒಡೆಯಬೇಕು ಎಂದು ಬುದ್ಧಿ ಕೇಳುವಷ್ಟರಲ್ಲಿ ಕೈ ಅಪ್ಪಳಿಸಿಯೇ ಬಿಟ್ಟಿತ್ತು!

ಫಟ್! ದನಿಗಳೆಲ್ಲ ಗಿಳಿಹಿಂಡಿನಂತೆ ಹಾರಿದವು. ಜಂಭಕ ಬಾಯಿ ತೆರೆದ. ಇಷ್ಟು ದಿನ ಕದ್ದ ದನಿಯಲ್ಲೇ ಮಾತಾಡಿದ್ದ ಅವನಿಗೆ ತನ್ನದೆಂಬ ದನಿಯೇ ಇರಲಿಲ್ಲ. ಅವನ ಮಾಯೆ ಅಲ್ಲಿಗೇ ಮುಗಿಯಿತು.

ಊರಲ್ಲಿ ರಾಜ ಹೋ ಎಂದು ಹಾಡುತ್ತಿದ್ದ. ಕೆಂಚವ್ವ ಓಡೋಡಿ ಬಂದಳು. ಬಾಗಿಲಲ್ಲೇ ಅವ್ವ ಗುಡುಗಿದಳು:

“ಗಡಿಗೆ ಎಲ್ಲೇ? ಒಡೆದೆಯಾ? ಬಿರುಕಾದರೇನಾಯ್ತು, ಕೋಳಿಗೆ ಕಾಳು ಹಾಕೋಕೆ ಆಗ್ತಿತ್ತಲ್ಲೇ, ಹಾಳಾದವಳೇ!”

“ಇನ್ನೊಂದ್ಸಲ ಬಯ್ಯವ್ವಾ!” ಎಂದು ಕೆಂಚವ್ವ ಅವಳ ಕೊರಳಿಗೆ ಜೋತುಬಿದ್ದಳು.

ಅವ್ವ ಬೈದಳು. ಮಣಿಗಿರಿಯವರೆಲ್ಲ ಬಾಯ್ತುಂಬ ಮಾತಾಡಿಕೊಂಡು ಸುಖವಾಗಿದ್ದರು.