ಭಾಲ್ಕಿ ಮೂರು ದಿನದ ದಾರಿ

ಡಾಬಕಾದಿಂದ ಭಾಲ್ಕಿಗೆ ಹೋಗಿಬರಲು ಕುರಿಗಾರ ಬಕ್ಕಪ್ಪನ ಲೆಕ್ಕದಲ್ಲಿ ತಗಲುವ ಖರ್ಚು ಇಷ್ಟು: ಒಂದು ಗಂಟು ರೊಟ್ಟಿ, ಚಪ್ಪಲಿಯ ಅಟ್ಟೆ, ಹೋಗಲು ಮೂರು ದಿನ, ಬರಲು ಮೂರು ದಿನ.

ಆ ಲೆಕ್ಕ ತಾಯಿಯಿಲ್ಲದ ಮಗಳು ಜನಾಬಾಯಿಯ ಮದುವೆಗೇ ಅಡ್ಡ ಬಂತು.

ಪೊಲೀಸ್ ಆ್ಯಕ್ಷನ್ ಮುಗಿದು ವರ್ಷವಾಗಿತ್ತು. ಒಂದು ದಿನ ತಲೆಯ ಮೇಲೆ ವಿಮಾನ ಗುಡುಗಿತು. ಜನಾಬಾಯಿಯ ಕುರಿಗಳು ಚೆದುರಿ ಓಡಿದವು. ಉಣ್ಣೆ ಕೊಳ್ಳಲು ಭಾಲ್ಕಿಯಿಂದ ಬಂದಿದ್ದ ಕಂಬಳಿ ನೇಯುವ ಹಾವಗೆಪ್ಪ ಮಾತ್ರ ದಾರಿಯಲ್ಲಿ ನಿಂತು ಆಕಾಶ ನೋಡುತ್ತಿದ್ದ.

"ಮ್ಯಾಲ ಏನ್ ನೋಡ್ತೀರಿ? ಕುರಿ ತಡೀರಿ!"

ಅವನು ಕೈಚಾಚಿ ತಡೆದ. ಆಮೇಲೆ ಮೆಲ್ಲಗೆ ಹೇಳಿದ, "ಹೈದ್ರಾಬಾದಿಂದ ಮುಂಬಯಿಗಿ ಹೊಂಟದರಿ. ಎರಡೂವರಿ ತಾಸಿನ್ಯಾಗ ಮುಟ್ತದಂತ. ಬೀದರ ಪ್ಯಾಟ್ಯಾಗ ಕೇಳೀನಿ."

"ಸುಳ್ಳು ಹೇಳೋರಿಗಿ ನಮ್ಮಪ್ಪ ಉಣ್ಣಿ ಮಾರಂಗಿಲ್ರಿ."

ಅವಳು ನಗು ತಡೆದುಕೊಂಡಳು. ಎದೆಬಡಿತ ಮಾತ್ರ ತಡೆಯಲಾಗಲಿಲ್ಲ...

ಉಣ್ಣೆ ಮುಗಿದರೂ ಹಾವಗೆಪ್ಪ ಬರುವುದು ನಿಲ್ಲಲಿಲ್ಲ. ಕೊನೆಗೊಂದು ಮುಂಜಾನೆ ಹೆಣ್ಣು ಕೇಳಿದ.

"ಹುಡುಗ ಚಲೋ ಇದ್ದಿ," ಎಂದ ಬಕ್ಕಪ್ಪ. "ಖರೆ, ಮುಂಜಾನಿ ಹೊಂಟ ಮಗಳು ದೀಪ ಹಚ್ಚೋದ್ರಾಗ ತವರಿಗಿ ಮುಟ್ಟಬೇಕು. ಅದು ನಮ್ಮ ಮನಿ ಪದ್ಧತಿ. ಭಾಲ್ಕಿ ಮೂರು ದಿನದ ದಾರಿ."

ಹಾವಗೆಪ್ಪ ಮರುಮಾತಾಡದೆ ಎದ್ದು ಹೋದ.

'ಒಂದು ಮಾತೂ ಆಡಲಿಲ್ಲ... ಇಷ್ಟೇ ಏನು ಇವನ ಪ್ರೀತಿ?' ಜನಾಬಾಯಿ ಅಂದು ತನ್ನ ಪಾಲಿನ ರೊಟ್ಟಿಯನ್ನು ಹಾಗೇ ಮುಚ್ಚಿಟ್ಟಳು.

ಮರುದಿನ ಸಂಜೆ ಅವಳು ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ಹಾವಗೆಪ್ಪ ಬಾಗಿಲಲ್ಲಿ ಬಂಡಿ ನಿಲ್ಲಿಸಿದ. ಅವನ ತಾಯಿ ಶೇವಂತಾಬಾಯಿ ಗಡಿಗೆ ಹಿಡಿದು ಇಳಿದಳು.

"ಇವತ್ತ ಬೆಳ್ಳಿ ಚುಕ್ಕಿ ಇದ್ದಾಗ ಭಾಲ್ಕ್ಯಾಗ ಹಾಲಿಗಿ ಹೆಪ್ಪು ಹಾಕಿ ಹೊಂಟೀವ್ರಿ ಅಣ್ಣಾ. ಮೂರು ದಿನದ್ದಾದ್ರ ಹುಳಿ ಇರ್ಬೇಕು. ರುಚಿ ನೋಡ್ರಿ."

ಬಕ್ಕಪ್ಪ ಬೆರಳು ಅದ್ದಿ ನೆಕ್ಕಿದ. "ಸೀನೇ ಅದ. ಬಂಡಿ ಕುಲುಕಿ ಬೆಣ್ಣಿ ತೇಲ್ಯಾದ, ಅಷ್ಟೇ."

"ನೀವು ಭಾಲ್ಕಿಗಿ ಯಾರ ಜೋಡಿ ಬರ್ತಿದ್ರಿ?"

"ಯಾವಾಗ್ಲೂ ಕುರಿ ಜೋಡಿ."

"ಅವು ಮೇಯ್ಕೋತ ಬರ್ತಾವ್ರಿ. ನಿಮ್ಮ ಮಗಳೂ ದಾರಿತುಂಬ ಹುಲ್ಲು ಮೇಯ್ತಾಳೇನು?"

ಮೊದಲು ನಕ್ಕವನು ಬಕ್ಕಪ್ಪನೇ. "ಆಯ್ತವ್ವಾ, ಹುಡುಗಿ ನಿಂದೇ."

ಬಾಗಿಲ ಮರೆಯಲ್ಲಿ ಜನಾಬಾಯಿ ಹಾವಗೆಪ್ಪನಿಗೆ ಪಿಸುಗುಟ್ಟಿದಳು, "ನಿನ್ನಿ ಯಾಕ ಸುಮ್ಕ ಹೋದ್ರಿ?"

"ನಿಮ್ಮಪ್ಪ ನನ್ನ ಮಾತಿಗಿ ಬಗ್ಗಂಗಿಲ್ಲ. ಅವ್ವನ್ನ ಕರ್ಕೊಂಡು ಬರ್ಲಾಕ ಓಡಿದೆ."

ಮದುವೆಯಾಗಿ ಬಂಡಿ ಭಾಲ್ಕಿಯತ್ತ ಹೊರಟಾಗ ವಿಮಾನ ಮತ್ತೆ ಹಾದುಹೋಯಿತು.

"ಅದರಾಗ ಕೂತ್ರ ನಮ್ಮ ಮನಿ ಎಷ್ಟೊತ್ತಿನ ದಾರಿರಿ?"

"ನಾಕು ರೊಟ್ಟಿ ಬೇಯೋದ್ರಾಗ ಮುಟ್ತೇವಿ."

"ಹಂಗಾದ್ರ ಬ್ಯಾಡ್ರಿ. ಬಂಡಿನೇ ಇರ್ಲಿ."

"ಯಾಕ?"

"ನಿಮ್ಮ ಬಾಜೂಕ ಕೂಡೋದು ಅಷ್ಟು ಲಗೂನ ಮುಗದ್ರ ಹ್ಯಾಂಗ್ರಿ..."

ಎತ್ತುಗಳು ನಿಧಾನಕ್ಕೆ ನಡೆಯಲೆಂದು ಹಾವಗೆಪ್ಪ ಹಗ್ಗ ಸಡಿಲ ಬಿಟ್ಟ.

ಜನಾಬಾಯಿಗೆ ಮನಸ್ಸಿನ ಗಂಡ ಸಿಕ್ಕ. ಬಕ್ಕಪ್ಪನಿಗೆ ಕುರಿ ಕಾಯುವ ಕೈಯೊಂದು ಕಡಿಮೆಯಾಯಿತು.